ಏನು ಕಡಿಮೆ ಬಿತ್ತು? ಒಂದು ಸೆಟ್ ಇನ್ನೊಂದರೊಳಗೆ ಇದೆಯಾ ಎಂದು ನೋಡುವ ಬಗೆ

ನಮ್ಮ ಅಕ್ಕನ ಮನೆಯವರದು ದಾವಣಗೆರೆಯಲ್ಲಿ ಒಂದು ಸಣ್ಣ ಹೋಟೆಲ್. ಎಂಟು ಟೇಬಲ್ಲು, ಒಂದು ದೊಡ್ಡ ಹಂಚು, ಹಿಂದುಗಡೆ ಅಡುಗೆಮನೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಮರುದಿನದ ದೋಸೆಗೆ ಅಕ್ಕಿ ನೆನೆಹಾಕುವ ಮೊದಲು ಭಾವ ದಿನಾ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಈಗ ಇರುವ ಸಾಮಾನಿನಲ್ಲಿ ನಾಳೆಗೆ ಏನೇನು ತಿಂಡಿ ಆಗುತ್ತೆ?

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಪ್ಪನ ಈ ಪ್ರಶ್ನೆಗೆ ಉತ್ತರ ಕೊಡಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದ. ಅಡುಗೆಮನೆಯಲ್ಲಿ ಇರುವ ಸಾಮಾನಿನ ಪಟ್ಟಿ ಒಂದು. ಒಂದೊಂದು ತಿಂಡಿಗೂ ಬೇಕಾದ ಸಾಮಾನಿನ ಪಟ್ಟಿ ಬೇರೆ. ಬೇಕಾದದ್ದೆಲ್ಲ ಇದ್ದರೆ 'ಆಗುತ್ತೆ', ಇಲ್ಲದಿದ್ದರೆ 'ಆಗಲ್ಲ'. ನಾನು ಹಬ್ಬಕ್ಕೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಹಿಡಿದು ಬಂದು ಕೂತ. "ಮಾಮ, ನೋಡು ಸ್ವಲ್ಪ. ಪೊಂಗಲ್‌ಗೆ ಎಲ್ಲಾ ಸಾಮಾನು ಐತಿ, ಆದ್ರೂ ಆಗಲ್ಲ ಅಂತೈತಿ" ಅಂದ.

ಆ ತಪ್ಪು ಎಲ್ಲಿತ್ತು ಅನ್ನುವುದು ಮುಂದೆ ಬರುತ್ತದೆ. ಅದನ್ನು ಹುಡುಕಲು ನಾವಿಬ್ಬರೂ ಎರಡು ಸಂಜೆ ಕೂತೆವು. ಆಗ ಮಾತಾಡಿಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಸೆಟ್ ಇನ್ನೊಂದು ಸೆಟ್‌ನ ಒಳಗೆ ಪೂರ್ತಿ ಇದೆಯಾ? ಕೇಳಲು ತುಂಬಾ ಸುಲಭದ ಪ್ರಶ್ನೆ. ಆದರೆ ಇದರಲ್ಲಿ ಎಡವುವ ಜಾಗಗಳು ಬಹಳ ಇವೆ.

ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 'ಗಣ', 'ಉಪಗಣ' ಎಂಬ ಮಾತು ನೆನಪಿರಬಹುದು. ಸೆಟ್ ಅಂದರೆ ಅದೇ ಗಣ. ಅದಕ್ಕೆ ಎರಡು ಗುಣ. ಒಳಗಿನ ವಸ್ತುಗಳಿಗೆ ಹಿಂದೆ ಮುಂದೆ ಎಂಬ ಕ್ರಮ ಇಲ್ಲ. ಒಂದೇ ವಸ್ತು ಎರಡು ಸಲ ಇರುವುದಿಲ್ಲ. ಚಿಕ್ಕ ಸೆಟ್‌ನಲ್ಲಿ ಇರುವುದೆಲ್ಲ ದೊಡ್ಡದರಲ್ಲೂ ಇದ್ದರೆ ಚಿಕ್ಕದು ದೊಡ್ಡದರ ಉಪಗಣ, ಅಂದರೆ ಸಬ್‌ಸೆಟ್. ದೋಸೆಯ ಪಟ್ಟಿ ಅಡುಗೆಮನೆ ಪಟ್ಟಿಯ ಸಬ್‌ಸೆಟ್ ಆದರೆ ದೋಸೆ ಆಗುತ್ತದೆ.

ಈಗ ಭಾವ ಇದನ್ನು ಹೇಗೆ ನೋಡುತ್ತಾರೆ ಅಂತ ಗಮನಿಸಿ. ಕೈಯಲ್ಲಿ ದೋಸೆಯ ಚೀಟಿ. ಅಕ್ಕಿ ಇದೆ. ಉದ್ದಿನಬೇಳೆ ಇದೆ. ಮೆಂತ್ಯ ಇದೆ. ಮಂಡಕ್ಕಿ... ಇಲ್ಲ. ಅಲ್ಲಿಗೆ ನಿಲ್ಲಿಸುತ್ತಾರೆ. ಬೆಣ್ಣೆ ಇದೆಯಾ ಅಂತ ನೋಡಲು ಹೋಗುವುದೇ ಇಲ್ಲ. ಒಂದು ಸಾಮಾನು ಇಲ್ಲ ಅಂತ ಗೊತ್ತಾದ ಕೂಡಲೇ ಉತ್ತರ ಸಿಕ್ಕಿತು.

ಅವರು 'ಎಲ್ಲಾ ಇದೆಯಾ' ಅಂತ ಹುಡುಕುತ್ತಿಲ್ಲ. 'ಇಲ್ಲದ್ದು ಒಂದಾದರೂ ಇದೆಯಾ' ಅಂತ ಹುಡುಕುತ್ತಿದ್ದಾರೆ. ನನ್ನ ಮಟ್ಟಿಗೆ ಈ ಇಡೀ ವಿಷಯದ ಬೀಗದ ಕೈ ಇದೇ. ಸಬ್‌ಸೆಟ್ ಪರೀಕ್ಷೆ ಅಂದರೆ ಕೊರತೆಯ ಹುಡುಕಾಟ. ಪ್ರೋಗ್ರಾಂ ಆಗಿ ಬರೆದರೆ ಹೀಗಾಗುತ್ತದೆ:

ಬೇಕಾದ ಪಟ್ಟಿಯ ಪ್ರತಿ ಸಾಮಾನಿಗೂ:
— ಅದು ಇರುವ ಪಟ್ಟಿಯಲ್ಲಿ ಸಿಗದಿದ್ದರೆ, ಉತ್ತರ 'ಇಲ್ಲ', ಅಲ್ಲೇ ನಿಲ್ಲಿಸು
ಕೊನೆಯವರೆಗೂ ನಿಲ್ಲದೆ ಬಂದರೆ, ಉತ್ತರ 'ಹೌದು'

ಇಷ್ಟೇ. ಯಾವ ಭಾಷೆಯಲ್ಲಿ ಬರೆದರೂ ತಿರುಳು ಇದೇ. ಜಾವಾಸ್ಕ್ರಿಪ್ಟ್‌ನಲ್ಲಿ 'ಎವ್ರಿ' ಬಳಸಿ ಬರೆದರೂ, ಸಿ ಭಾಷೆಯಲ್ಲಿ ಫಾರ್ ಲೂಪ್ ಹಾಕಿದರೂ ಒಳಗೆ ನಡೆಯುವುದು ಇದೇ ಕೆಲಸ. ವೇಗ ಹೆಚ್ಚು ಕಡಿಮೆ ಆಗುವುದು ಒಂದೇ ಒಂದು ಸಾಲಿನಿಂದ. 'ಇರುವ ಪಟ್ಟಿಯಲ್ಲಿ ಸಿಗದಿದ್ದರೆ' ಅನ್ನುವುದನ್ನು ಕಂಪ್ಯೂಟರ್ ಹೇಗೆ ಪತ್ತೆ ಮಾಡುತ್ತದೆ?

ಇರುವ ಸಾಮಾನು ಸುಮ್ನೆ ಒಂದು ಉದ್ದ ಪಟ್ಟಿಯಲ್ಲಿದ್ದರೆ ಮೊದಲಿನಿಂದ ಕೊನೆಯವರೆಗೂ ಓದಬೇಕು. ಅಡುಗೆಮನೆಯಲ್ಲಿ 60 ಸಾಮಾನು, ದೋಸೆಗೆ 8 ಬೇಕು ಅಂದರೆ ಜಾಸ್ತಿ ಅಂದರೆ 480 ಹೋಲಿಕೆ. ಇದು ಕಂಪ್ಯೂಟರಿಗೆ ಏನೇನೂ ಅಲ್ಲ. ಇಂಥ ಕಡೆ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಎರಡೂ ಕಡೆ 10 ಲಕ್ಷ ಸಂಖ್ಯೆಗಳಿದ್ದರೆ? 10 ಲಕ್ಷವನ್ನು 10 ಲಕ್ಷದಿಂದ ಗುಣಿಸಿದರೆ ಒಂದು ಲಕ್ಷ ಕೋಟಿ. ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡುವ ಯಂತ್ರ ಅಂತ ಇಟ್ಟುಕೊಂಡರೂ 10,000 ಸೆಕೆಂಡು ಬೇಕು. ಹತ್ತಿರ ಹತ್ತಿರ ಎರಡು ಮುಕ್ಕಾಲು ಗಂಟೆ.

ಇದಕ್ಕೆ ಪರಿಹಾರ ಹ್ಯಾಷ್ ಟೇಬಲ್. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ 1953ರಲ್ಲೇ ಇದರ ಯೋಚನೆ ಬರೆದಿಟ್ಟಿದ್ದರು. ಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ, ಒಂದೊಂದಕ್ಕೂ ನಂಬರ್ ಇದೆ ಅಂದುಕೊಳ್ಳಿ. 'ಮಂಡಕ್ಕಿ' ಎಂಬ ಹೆಸರಿನಿಂದಲೇ ಒಂದು ಲೆಕ್ಕ ಮಾಡಿ ಒಂದು ನಂಬರ್ ತೆಗೆಯುತ್ತೇವೆ. ಇಡುವಾಗ ಆ ನಂಬರಿನ ಗೂಡಿನಲ್ಲಿ ಇಡುತ್ತೇವೆ. ಹುಡುಕುವಾಗ ಅದೇ ಲೆಕ್ಕ ಮತ್ತೆ ಮಾಡಿ ನೇರ ಆ ಗೂಡಿಗೇ ಕೈ ಹಾಕುತ್ತೇವೆ. ಅಲ್ಲಿ ಇಲ್ಲದಿದ್ದರೆ ಎಲ್ಲೂ ಇಲ್ಲ. ಉಳಿದ ಗೂಡುಗಳನ್ನು ನೋಡುವ ಅಗತ್ಯವೇ ಇಲ್ಲ. ಎರಡು ಹೆಸರಿಗೆ ಒಂದೇ ನಂಬರ್ ಬಂದು ಜಗಳ ಆಗುವುದುಂಟು. ಆಗ ಪಕ್ಕದಲ್ಲೋ ಅದೇ ಗೂಡಿನಲ್ಲೋ ಜಾಗ ಮಾಡಿಕೊಳ್ಳುತ್ತಾರೆ. ಒಟ್ಟಿನಲ್ಲಿ ಅಡುಗೆಮನೆ ಎಷ್ಟೇ ದೊಡ್ಡದಾಗಲಿ, ಒಂದು ಸಾಮಾನು ಹುಡುಕಲು ಸಾಮಾನ್ಯವಾಗಿ ಹಿಡಿಯುವ ಸಮಯ ಅಷ್ಟೇ. 10 ಲಕ್ಷದ ಕೆಲಸ 10 ಲಕ್ಷ ಹುಡುಕಾಟದಲ್ಲಿ ಮುಗಿಯುತ್ತದೆ.

ಪೈಥಾನ್‌ನ ಸೆಟ್, ಜಾವಾದ ಹ್ಯಾಷ್‌ಸೆಟ್ ಎಲ್ಲವೂ ಒಳಗೆ ಇದೇ. ಪೈಥಾನ್ ಇನ್ನೊಂದು ಜಾಣತನವನ್ನೂ ಮಾಡುತ್ತದೆ. ಎರಡೂ ಸೆಟ್ ಆಗಿದ್ದರೆ ಮೊದಲು ಎಣಿಕೆ ನೋಡುತ್ತದೆ. ಒಳಗೆ ಇರಬೇಕಾದ ಸೆಟ್ಟೇ ಹೊರಗಿನದಕ್ಕಿಂತ ದೊಡ್ಡದಿದ್ದರೆ ಒಂದು ವಸ್ತುವನ್ನೂ ಮುಟ್ಟದೆ 'ಇಲ್ಲ' ಅನ್ನುತ್ತದೆ. ಹತ್ತು ಚೀಲದ ಸಾಮಾನು ಐದು ಚೀಲದಲ್ಲಿ ಹಿಡಿಯುತ್ತಾ ಅಂತ ತುಂಬಿ ನೋಡಬೇಕಾಗಿಲ್ಲ ಅಲ್ವಾ?

ಹ್ಯಾಷ್ ಬೇಡ ಅನ್ನುವವರಿಗೆ ಬೇರೆ ದಾರಿ ಇದೆ. ಎರಡೂ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಎರಡರ ಮೇಲೂ ಒಂದೊಂದು ಬೆರಳು ಇಡಿ. ಬೇಕಾದ ಪಟ್ಟಿಯಲ್ಲಿ ಬೆರಳು 'ಬೆಣ್ಣೆ' ಮೇಲಿದೆ. ಇರುವ ಪಟ್ಟಿಯಲ್ಲಿ ಬೆರಳು 'ಉದ್ದು' ದಾಟಿ, 'ಈರುಳ್ಳಿ'ಯಂತೂ ಎಂದೋ ದಾಟಿ, ಮುಂದೆ ಮುಂದೆ ಹೋಗುತ್ತಿದೆ. ಅದು 'ಬೆಣ್ಣೆ'ಗೆ ಬಂದರೆ ಎರಡೂ ಬೆರಳು ಮುಂದೆ. ಬೆಣ್ಣೆ ಸಿಗದೆ 'ಮಂಡಕ್ಕಿ'ಗೆ ಬಂದರೆ ಬೆಣ್ಣೆ ಇಲ್ಲ ಅಂತಲೇ ಅರ್ಥ. ಬೆರಳು ಯಾವತ್ತೂ ಹಿಂದೆ ಬರುವುದಿಲ್ಲ. ಸಿ ಪ್ಲಸ್ ಪ್ಲಸ್‌ನ 'ಇನ್‌ಕ್ಲೂಡ್ಸ್' ಮಾಡುವುದು ಇದನ್ನೇ. ಎರಡು ಪಟ್ಟಿಯ ಉದ್ದ ಕೂಡಿಸಿ, ಎರಡರಿಂದ ಗುಣಿಸಿ, ಒಂದು ಕಳೆದರೆ ಬರುವಷ್ಟು ಹೋಲಿಕೆ ಮೀರುವುದಿಲ್ಲ ಎಂದು ಅದರ ನಿಯಮವೇ ಹೇಳುತ್ತದೆ. ನಮ್ಮ 8 ಮತ್ತು 60ಕ್ಕೆ ಅದು 135. ಒಂದು ಎಚ್ಚರ. ಪಟ್ಟಿಗಳು ಮೊದಲೇ ಜೋಡಿಸಿರಬೇಕು. ಜೋಡಿಸದ ಪಟ್ಟಿ ಕೊಟ್ಟರೆ ಉತ್ತರವನ್ನು ನಂಬುವಂತಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಮೂರನೆಯದು. ಹುಡುಗನಿಗೂ ಇದನ್ನು ತೋರಿಸುವಾಗ ಕಣ್ಣು ಅರಳಿತು.

ಆರು ಸಾಮಾನುಗಳಿಗೆ ಒಂದೊಂದು ಜಾಗ ಗೊತ್ತುಮಾಡೋಣ. ಎಡದಿಂದ ಅಕ್ಕಿ, ಉದ್ದು, ಮಂಡಕ್ಕಿ, ಬೆಣ್ಣೆ, ರವೆ, ಈರುಳ್ಳಿ. ಇದ್ದರೆ 1, ಇಲ್ಲದಿದ್ದರೆ 0. ಬೆಣ್ಣೆ ದೋಸೆಗೆ ಮೊದಲ ನಾಲ್ಕು ಬೇಕು, ಹಾಗಾಗಿ ಅದು 111100. ಅಡುಗೆಮನೆಯಲ್ಲಿ ಮಂಡಕ್ಕಿ ಒಂದು ಬಿಟ್ಟು ಎಲ್ಲಾ ಇದೆ, ಅದು 110111. ಈಗ ಎರಡನ್ನೂ ಮೇಲೆ ಕೆಳಗೆ ಇಟ್ಟು, ಎರಡೂ ಕಡೆ 1 ಇರುವಲ್ಲಿ ಮಾತ್ರ 1 ಬರೆಯಿರಿ. ಬಂದದ್ದು 110100. ಇದು ದೋಸೆಯ 111100ಕ್ಕೆ ಸಮ ಅಲ್ಲ. ಹಾಗಾಗಿ ದೋಸೆ ಆಗಲ್ಲ. ಸಮ ಆಗಿದ್ದರೆ ಆಗುತ್ತಿತ್ತು. ಇಷ್ಟೇ ಪರೀಕ್ಷೆ.

ಇನ್ನೂ ಚೆನ್ನಾಗಿರುವುದು ಮುಂದಿನದು. ಅಡುಗೆಮನೆಯ ಸಂಖ್ಯೆಯನ್ನು ತಿರುವಿ ಹಾಕಿ. 1 ಇದ್ದಲ್ಲಿ 0, 0 ಇದ್ದಲ್ಲಿ 1. ಸಿಕ್ಕಿದ್ದು 001000, ಅಂದರೆ 'ನಮ್ಮಲ್ಲಿ ಇಲ್ಲದ್ದು'. ಇದನ್ನು ದೋಸೆಯ ಜೊತೆ ಹಾಗೇ ಹೋಲಿಸಿದರೆ 001000 ಉಳಿಯುತ್ತದೆ. ಮೂರನೇ ಜಾಗದಲ್ಲಿ 1. ಮೂರನೇ ಜಾಗ ಮಂಡಕ್ಕಿಯದು. ಯಂತ್ರ 'ಆಗಲ್ಲ' ಅಂದಿದ್ದಷ್ಟೇ ಅಲ್ಲ, ಏನು ಕಡಿಮೆ ಬಿತ್ತು ಅಂತಲೂ ಹೇಳಿತು. ಎಲ್ಲಾ ಸೊನ್ನೆ ಉಳಿದರೆ ಕೊರತೆ ಇಲ್ಲ, ಅಂದರೆ ಸಬ್‌ಸೆಟ್.

ಇವತ್ತಿನ ಸಾಮಾನ್ಯ ಕಂಪ್ಯೂಟರುಗಳು ಒಂದೇ ಏಟಿಗೆ 64 ಬಿಟ್‌ಗಳ, ಅಂದರೆ ಇಂಥ 64 ಸೊನ್ನೆ-ಒಂದುಗಳ ಮೇಲೆ ಈ ಕೆಲಸ ಮಾಡುತ್ತವೆ. 64 ಸಾಮಾನಿನ ಹೋಟೆಲ್ ಆದರೆ ಇಡೀ ಅಡುಗೆಮನೆಯೇ ಒಂದು ಸಂಖ್ಯೆ. ಲಿನಕ್ಸ್‌ನಲ್ಲಿ ಕಡತದ ಅನುಮತಿಗಳು ಹೀಗೇ ಇರುತ್ತವೆ. ಓದಲು 4, ಬರೆಯಲು 2, ನಡೆಸಲು 1. ನಿಮ್ಮ ಹತ್ತಿರ 6 ಇದೆ ಅಂದರೆ ಓದಬಹುದು, ಬರೆಯಬಹುದು. ಕೆಲಸಕ್ಕೆ ಬೇಕಾದ್ದು 5, ಅಂದರೆ ಓದುವುದು ಮತ್ತು ನಡೆಸುವುದು. 110 ಮತ್ತು 101 ಎರಡರಲ್ಲೂ ಇರುವುದು 100 ಮಾತ್ರ. 101 ಬರಲಿಲ್ಲ. ಹಾಗಾಗಿ ಅನುಮತಿ ಇಲ್ಲ. 6 ದೊಡ್ಡದು, 5 ಚಿಕ್ಕದು ಅಂತ ಹೋಲಿಸಿ ಬಿಟ್ಟಿದ್ದರೆ ಬಾಗಿಲು ತೆರೆದುಬಿಡುತ್ತಿತ್ತು. ಈ ತಪ್ಪು ಮಾಡಬೇಡಿ.

ನಿಕ್ಲಾಸ್ ವಿರ್ತ್ 1970ರಲ್ಲಿ ಹೊರತಂದ ಪಾಸ್ಕಲ್ ಭಾಷೆಯಲ್ಲೇ ಸೆಟ್ ಎಂಬ ಬಗೆ ಇತ್ತು. ಸಬ್‌ಸೆಟ್ ಕೇಳಲು <= ಚಿಹ್ನೆಯೂ ಇತ್ತು. ಪೈಥಾನ್‌ನಲ್ಲಿ ಸೆಟ್ ಭಾಷೆಯ ಒಳಗಿನ ಬಗೆ ಆದದ್ದು 2004ರ 2.4 ಆವೃತ್ತಿಯಲ್ಲಿ. ಅಲ್ಲೂ ಅದೇ <= ಚಿಹ್ನೆ. ಜೊತೆಗೆ 'ಇಸ್‌ಸಬ್‌ಸೆಟ್' ಎಂಬ ಹೆಸರೂ ಇದೆ. ಚಿಹ್ನೆ ಬಳಸಿದರೆ ಎರಡೂ ಕಡೆ ಸೆಟ್ಟೇ ಇರಬೇಕು. ಹೆಸರಿನಿಂದ ಕರೆದರೆ ಆ ಕಡೆ ಪಟ್ಟಿ ಇದ್ದರೂ ನಡೆಯುತ್ತದೆ. ಜಾವಾಸ್ಕ್ರಿಪ್ಟ್‌ಗೆ ಸೆಟ್ ಬಂದದ್ದು 2015ರಲ್ಲಿ. 'ಇಸ್‌ಸಬ್‌ಸೆಟ್‌ಆಫ್' ಅದರ ಅಧಿಕೃತ ನಿಯಮದೊಳಗೆ ಸೇರಿದ್ದು 2025ರ ಆವೃತ್ತಿಯಲ್ಲಿ. ಅಷ್ಟು ವರ್ಷ ಎಲ್ಲರೂ ಕೈಯಾರೆ ಬರೆದುಕೊಳ್ಳುತ್ತಿದ್ದರು.

ದಿಕ್ಕಿನ ಬಗ್ಗೆ ಒಂದು ಮಾತು. ಪೈಥಾನ್‌ನಲ್ಲಿ 'ದೋಸೆಯೇ, ನೀನು ಅಡುಗೆಮನೆಯ ಒಳಗೆ ಇದ್ದೀಯಾ' ಅಂತ ಚಿಕ್ಕದನ್ನು ಕೇಳುತ್ತೇವೆ. ಜಾವಾದ 'ಕಂಟೇನ್ಸ್‌ಆಲ್'ನಲ್ಲಿ 'ಅಡುಗೆಮನೆಯೇ, ನಿನ್ನಲ್ಲಿ ದೋಸೆಯದೆಲ್ಲ ಇದೆಯಾ' ಅಂತ ದೊಡ್ಡದನ್ನು ಕೇಳುತ್ತೇವೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದವರು ಇಲ್ಲಿ ಅದಲು ಬದಲು ಮಾಡುತ್ತಾರೆ. ಜಾವಾದಲ್ಲಿ ಪಟ್ಟಿಯ ಮೇಲೂ ಕಂಟೇನ್ಸ್‌ಆಲ್ ಓಡುತ್ತದೆ, ಆದರೆ ಅದು ಆ 480 ಹೋಲಿಕೆಯ ಹಳೇ ದಾರಿ. ದೊಡ್ಡದನ್ನು ಮೊದಲು ಹ್ಯಾಷ್‌ಸೆಟ್ ಮಾಡಿಕೊಳ್ಳಿ. ಚಿಕ್ಕದು ಪಟ್ಟಿಯಾಗೇ ಇದ್ದರೂ ಅಡ್ಡಿಯಿಲ್ಲ.

ಇನ್ನು <= ಚಿಹ್ನೆಯ ಬಗ್ಗೆ. ಸಂಖ್ಯೆಗಳಲ್ಲಿ ಈ ಚಿಹ್ನೆ ನಮಗೆ ಒಂದು ಅಭ್ಯಾಸ ಕಲಿಸಿದೆ. ಒಂದು ಸಂಖ್ಯೆ ಇನ್ನೊಂದಕ್ಕಿಂತ ಚಿಕ್ಕದೂ ಅಲ್ಲ, ಸಮವೂ ಅಲ್ಲ ಅಂದರೆ ಅದು ದೊಡ್ಡದೇ. ಸೆಟ್‌ಗಳಲ್ಲಿ ಹಾಗಿಲ್ಲ. ಇದಕ್ಕೆ ನಮ್ಮ ಊರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

'ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಒಡೆದು ಆದದ್ದು' ಅಂತ ನಾವೆಲ್ಲ ಹೇಳುತ್ತೇವೆ. ಹಾಗಾದರೆ 1997ರಲ್ಲಿ ಹುಟ್ಟಿದ ದಾವಣಗೆರೆ ಜಿಲ್ಲೆ ಹಳೇ ಚಿತ್ರದುರ್ಗ ಜಿಲ್ಲೆಯ ಸಬ್‌ಸೆಟ್ ಆಗಿರಬೇಕು ತಾನೇ? ಪರೀಕ್ಷೆ ಮಾಡೋಣ. ಹಳೇ ಚಿತ್ರದುರ್ಗದ ತಾಲ್ಲೂಕುಗಳು ಒಂಬತ್ತು: ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ, ಮೊಳಕಾಲ್ಮೂರು, ದಾವಣಗೆರೆ, ಹರಿಹರ, ಜಗಳೂರು. ಹೊಸ ದಾವಣಗೆರೆಯವು ಆರು: ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ. ಬೆರಳಿಡುತ್ತಾ ಬನ್ನಿ. ದಾವಣಗೆರೆ ಸಿಕ್ಕಿತು. ಹರಿಹರ ಸಿಕ್ಕಿತು. ಜಗಳೂರು ಸಿಕ್ಕಿತು. ಹೊನ್ನಾಳಿ? ಇಲ್ಲ. ಅದು ಶಿವಮೊಗ್ಗದಿಂದ ಬಂದದ್ದು. ಚನ್ನಗಿರಿಯೂ ಅಲ್ಲಿಂದಲೇ. ಹರಪನಹಳ್ಳಿ ಬಳ್ಳಾರಿಯಿಂದ.

ಹಾಗಾಗಿ ಉತ್ತರ 'ಇಲ್ಲ'. ಹಾಗಂತ ತಿರುಗಿಸಿ, ಹಳೇ ಚಿತ್ರದುರ್ಗವೇ ಹೊಸ ದಾವಣಗೆರೆಯ ಒಳಗಿತ್ತು ಅನ್ನಲಾದೀತೇ? ಅದೂ ಇಲ್ಲ. ಎರಡಕ್ಕೂ ಮೂರು ತಾಲ್ಲೂಕು ಸಾಮಾನ್ಯ. ಉಳಿದದ್ದು ಬೇರೆ ಬೇರೆ. ಯಾವುದೂ ಯಾವುದರ ಒಳಗೂ ಇಲ್ಲ. 'ಒಡೆದು ಆದದ್ದು' ಎಂಬ ಮಾತು ಸುಳ್ಳಲ್ಲ, ಆದರೆ ಅದು ಸಬ್‌ಸೆಟ್ ಎಂಬ ಅರ್ಥ ಕೊಡುವುದಿಲ್ಲ. ಮುಂದೆ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನ್ಯಾಮತಿ ಹೊಸ ತಾಲ್ಲೂಕಾಯಿತು. ಅಂದರೆ ಈ ಪ್ರಶ್ನೆ ಕೇಳುವಾಗ ಯಾವ ವರ್ಷದ ಸೆಟ್ ಅನ್ನುವುದನ್ನೂ ಹೇಳಬೇಕಾಗುತ್ತದೆ.

ಪ್ರೋಗ್ರಾಂನಲ್ಲಿ ಇದರ ಪರಿಣಾಮ ಏನು? 'ಎ ಸೆಟ್ ಬಿ ಒಳಗಿಲ್ಲ, ಹಾಗಾದರೆ ಬಿ ಎ ಒಳಗಿದೆ' ಅಂತ ಎಲ್ಸ್ (ಇಲ್ಲದಿದ್ದರೆ) ಬರೆದರೆ ತಪ್ಪಾಗುತ್ತದೆ. ಸೆಟ್‌ಗಳ ಪಟ್ಟಿಯೊಂದನ್ನು ಪೈಥಾನ್‌ಗೆ ಕೊಟ್ಟು 'ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸು' ಅಂದರೆ ಅದು ತಪ್ಪು ಎಂದು ಕೂಗುವುದಿಲ್ಲ. ಏನೋ ಒಂದು ಕ್ರಮ ಕೊಡುತ್ತದೆ, ಆ ಕ್ರಮಕ್ಕೆ ಅರ್ಥ ಇಲ್ಲ. ಇದೇ ಜಾಗದಲ್ಲಿ < ಚಿಹ್ನೆಯನ್ನೂ ನೆನಪಿಡಿ. ಅದು 'ಒಳಗೆ ಇದೆ, ಆದರೆ ಎರಡೂ ಒಂದೇ ಅಲ್ಲ' ಅನ್ನುತ್ತದೆ. ಅಡುಗೆಮನೆಯಲ್ಲಿ ದೋಸೆಯ ಸಾಮಾನು ಬಿಟ್ಟು ಬೇರೇನೂ ಇಲ್ಲದ ದಿನ < ಬಳಸಿದರೆ 'ಆಗಲ್ಲ' ಅಂತ ಬರುತ್ತದೆ.

ಖಾಲಿ ಸೆಟ್‌ನದು ಇನ್ನೊಂದು ಕತೆ. ನಮ್ಮ ಹುಡುಗ ಖಾರ ಮಂಡಕ್ಕಿಯ ಹೆಸರು ಸೇರಿಸಿ, ಸಾಮಾನು ಆಮೇಲೆ ತುಂಬಿದರಾಯಿತು ಅಂತ ಬಿಟ್ಟಿದ್ದ. ಪ್ರೋಗ್ರಾಂ ದಿನಾ 'ಖಾರ ಮಂಡಕ್ಕಿ ಆಗುತ್ತೆ' ಅನ್ನುತ್ತಿತ್ತು. ಮಂಡಕ್ಕಿ ಒಂದು ಕಾಳೂ ಇಲ್ಲದ ದಿನವೂ ಹಾಗೇ. ಇದು ಪೈಥಾನ್‌ನ ತಪ್ಪಲ್ಲ. ಕೊರತೆ ಹುಡುಕುವ ನಿಯಮವನ್ನೇ ನೆನೆಯಿರಿ. ಬೇಕಾದ ಪಟ್ಟಿಯೇ ಖಾಲಿ. ಅದರಲ್ಲಿ 'ನಮ್ಮಲ್ಲಿ ಇಲ್ಲದ್ದು' ಒಂದಾದರೂ ಇದೆಯಾ? ಇಲ್ಲ. ಹಾಗಾಗಿ ಉತ್ತರ 'ಹೌದು'. ಖಾಲಿ ಸೆಟ್ ಎಲ್ಲ ಸೆಟ್‌ಗಳ ಒಳಗೂ ಇರುತ್ತದೆ ಎಂದು ಗಣಿತ ಹೇಳುವುದು ಇದೇ ಕಾರಣಕ್ಕೆ. ಹೋಟೆಲ್‌ಗೆ ಅದು ಬೇಡದಿದ್ದರೆ, ಪಟ್ಟಿ ಖಾಲಿ ಇದೆಯಾ ಅಂತ ನಾವೇ ಬೇರೆ ನೋಡಬೇಕು. ಅನುಮತಿ ನೋಡುವ ಕೋಡ್‌ನಲ್ಲಿ ಇದು ಇನ್ನೂ ದೊಡ್ಡ ಅಪಾಯ. ಬೇಕಾದ ಅನುಮತಿಯ ಪಟ್ಟಿ ಯಾವುದೋ ಕಾರಣಕ್ಕೆ ಖಾಲಿ ಬಂದರೆ ಯಾರು ಬೇಕಾದರೂ ಒಳಗೆ ಹೋಗಬಹುದು.

ಈಗ ಲೆಕ್ಕದ ವಿಷಯ. ದೋಸೆಗೆ 2 ಕೆಜಿ ಬೆಣ್ಣೆ ಬೇಕು. ಫ್ರಿಜ್‌ನಲ್ಲಿ ಕಾಲು ಕೆಜಿ ಇದೆ. ಸೆಟ್ ಏನು ಹೇಳುತ್ತದೆ? 'ಬೆಣ್ಣೆ ಇದೆ'. ಸೆಟ್‌ಗೆ ಇದೆ, ಇಲ್ಲ ಎರಡೇ ಗೊತ್ತು. ಎಷ್ಟಿದೆ ಅನ್ನುವುದನ್ನು ಅದು ಮೊದಲ ಹೆಜ್ಜೆಯಲ್ಲೇ ಮರೆತಿದೆ. ಜಾವಾದ ಕಂಟೇನ್ಸ್‌ಆಲ್ ಪಟ್ಟಿಯ ಮೇಲೆ ನಡೆದಾಗಲೂ ಎಣಿಕೆ ನೋಡುವುದಿಲ್ಲ. ಒಂದು ಬೆಣ್ಣೆ ಇರುವ ಪಟ್ಟಿ ಮೂರು ಬೆಣ್ಣೆ ಇರುವ ಪಟ್ಟಿಯನ್ನು 'ಒಳಗೊಂಡಿದೆ' ಅನ್ನುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪಟ್ಟಿಗಳಿಗೆ ಬಳಸುವ @> ಚಿಹ್ನೆಯೂ ಅಷ್ಟೇ. ಎಣಿಕೆ ಬೇಕಾದಲ್ಲಿ ಪ್ರತಿ ಸಾಮಾನಿಗೂ 'ಬೇಕಾದಷ್ಟು ಇದೆಯಾ' ಅಂತ ಹೋಲಿಸಬೇಕು. ಪೈಥಾನ್‌ನ 'ಕೌಂಟರ್' ಈ ಕೆಲಸಕ್ಕೆ ಇದೆ. 3.10 ಆವೃತ್ತಿಯಿಂದ ಅದಕ್ಕೂ <= ನಡೆಯುತ್ತದೆ.

ಎಣಿಕೆ ಬಂದ ಕೂಡಲೇ ಇನ್ನೊಂದು ನಿಯಮ ಮುರಿದು ಬೀಳುತ್ತದೆ, ಅದನ್ನು ಗಮನಿಸದೆ ಮುಂದೆ ಹೋಗಬಾರದು. ಬರೀ ಸೆಟ್ ಆದರೆ ದೋಸೆಯೂ ಒಳಗಿದೆ, ಉಪ್ಪಿಟ್ಟೂ ಒಳಗಿದೆ ಅಂದರೆ ಎರಡನ್ನೂ ಕೂಡಿಸಿದ ಪಟ್ಟಿಯೂ ಖಂಡಿತ ಒಳಗಿರುತ್ತದೆ. ತೂಕದ ಲೆಕ್ಕದಲ್ಲಿ ಹಾಗಿಲ್ಲ. ಇರುವ ಈರುಳ್ಳಿ ಪಲ್ಯಕ್ಕೂ ಸಾಕು, ಉಪ್ಪಿಟ್ಟಿಗೂ ಸಾಕು. ಎರಡಕ್ಕೂ ಸೇರಿ ಸಾಲದು. ಒಂದೊಂದನ್ನೇ ನೋಡಿ 'ಆಗುತ್ತೆ' ಅಂದ ಪ್ರೋಗ್ರಾಂ ಬೆಳಗ್ಗೆ ಎಂಟಕ್ಕೆ ಕೈ ಕೊಡುತ್ತದೆ.

ಕೊನೆಗೂ ಪೊಂಗಲ್‌ಗೆ ಬರೋಣ. 'ಏನು ಕಡಿಮೆ ಬಿತ್ತು' ಅಂತ ಪ್ರೋಗ್ರಾಂನಿಂದಲೇ ಹೇಳಿಸಿದೆವು. ಎರಡು ಸೆಟ್‌ಗಳ ವ್ಯತ್ಯಾಸ ತೆಗೆದರೆ ಅದು ಸಿಗುತ್ತದೆ. ಪೈಥಾನ್‌ನಲ್ಲಿ ಒಂದು ಮೈನಸ್ ಚಿಹ್ನೆ ಸಾಕು. ಪರದೆಯ ಮೇಲೆ 'ಜೀರಿಗೆ' ಅಂತ ಬಂತು. ಅಡುಗೆಮನೆಯ ಪಟ್ಟಿಯಲ್ಲಿ ನೋಡಿದರೆ ಅಲ್ಲೂ 'ಜೀರಿಗೆ' ಇದೆ. ಒಂದೇ ಥರ, ಒಂದೇ ಅಕ್ಷರ. ಹುಡುಗ ನನ್ನ ಮುಖ ನೋಡಿದ.

ಎರಡರ ಉದ್ದ ಅಳೆಯಲು ಹೇಳಿದೆ. ಒಂದು 6, ಇನ್ನೊಂದು 7.

ಕನ್ನಡ ಬರೆಯುವ ಪ್ರತಿಯೊಬ್ಬ ಪ್ರೋಗ್ರಾಮರ್ ಇದನ್ನು ತಿಳಿದಿರಬೇಕು ಅನ್ನುವುದು ನನ್ನ ಆಸೆ. ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಜೀ' ಬರೆಯಲು ಎರಡು ದಾರಿ ಇವೆ. 'ಜ' ಆದ ಮೇಲೆ ದೀರ್ಘದ 'ಈ' ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಇಲ್ಲವೇ ಮೊದಲು ಗುಡಿಸು, ಆಮೇಲೆ ದೀರ್ಘದ ಗುರುತು ಎಂದು ಎರಡು ಸಂಕೇತವಾಗಿ ಇಡಬಹುದು. ಕಣ್ಣಿಗೆ ಎರಡೂ ಒಂದೇ. 'ಬೇಳೆ'ಯ 'ಬೇ', 'ಕೊತ್ತಂಬರಿ'ಯ 'ಕೊ' ಇವೂ ಹೀಗೆ ಎರಡು ಥರ ಇರಬಹುದು. ಭಾವನ ಹಳೇ ಪಟ್ಟಿ ಯಾವುದೋ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ ಬದಲಾಯಿಸಿದ್ದು. ಅದರಲ್ಲಿ ಒಡೆದ ರೂಪ ಇತ್ತು. ಹುಡುಗ ಫೋನಿನಲ್ಲಿ ಟೈಪ್ ಮಾಡಿದ್ದು ಕೂಡಿದ ರೂಪ. ಸಂಕೇತ ಬೇರೆ ಆದ್ದರಿಂದ ಹ್ಯಾಷ್ ಲೆಕ್ಕವೂ ಬೇರೆ. ಬೇರೆ ಗೂಡಿಗೆ ಕೈ ಹಾಕಿ 'ಇಲ್ಲ' ಅಂದಿತು. ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿತ್ತು. 'ಒಂದೇ' ಅಂದರೆ ಏನು ಅನ್ನುವುದನ್ನು ನಾವು ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ಮದ್ದು ಸರಳ. ಸೆಟ್‌ಗೆ ಹಾಕುವ ಮೊದಲು ಪ್ರತಿ ಹೆಸರನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ 'ಯೂನಿಕೋಡ್‌ಡೇಟಾ' ಎಂಬ ಮಾಡ್ಯೂಲ್ ಇದನ್ನು ಮಾಡಿಕೊಡುತ್ತದೆ. ಎರಡೂ ಪಟ್ಟಿಗೂ ಮಾಡಬೇಕು. ಹಿಂದೆ ಮುಂದೆ ಇರುವ ಖಾಲಿ ಜಾಗ ಕತ್ತರಿಸಿ. 'ಪಾಲಕ್‌ಸೊಪ್ಪು' ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಒಂದು ಕಾಣದ ಸಂಕೇತ ಇರುತ್ತದೆ. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ನಾವೇ ತೆಗೆಯಬೇಕು. ಇನ್ನು ಕೊತ್ತಂಬರಿ, ಕೊತ್ಮೀರಿ ಎರಡೂ ಒಂದೇ ಅನ್ನುವುದು ಯಾವ ನಿಯಮಕ್ಕೂ ಗೊತ್ತಾಗುವುದಿಲ್ಲ. ಅದಕ್ಕೆ ಒಂದೊಂದು ಸಾಮಾನಿಗೂ ಒಂದು ನಂಬರ್ ಕೊಟ್ಟು, ನಂಬರುಗಳನ್ನೇ ಸೆಟ್‌ನಲ್ಲಿ ಇಡುವುದು ಒಳ್ಳೆಯದು. ನಾನು ಅದನ್ನೇ ಹೇಳುತ್ತೇನೆ.

ಪದದೊಳಗೆ ಪದ ಹುಡುಕುವುದನ್ನೂ ಇದರ ಜೊತೆ ಬೆರೆಸಬೇಡಿ. ಇಡೀ ಅಡುಗೆಮನೆಯನ್ನು ಒಂದು ಉದ್ದ ವಾಕ್ಯವಾಗಿಟ್ಟು 'ಕಡಲೆ' ಇದೆಯಾ ಅಂತ ಹುಡುಕಿದರೆ, ಬರೀ 'ಕಡಲೆಹಿಟ್ಟು' ಇದ್ದರೂ 'ಇದೆ' ಅನ್ನುತ್ತದೆ. ತಮಾಷೆಯೆಂದರೆ 'ಮಂಡಕ್ಕಿ'ಯೊಳಗೆ 'ಅಕ್ಕಿ' ಹುಡುಕಿದರೆ ಸಿಗುವುದಿಲ್ಲ. ನಮ್ಮ ಕಿವಿಗೆ ಅಕ್ಕಿ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಬರೆಯುವಾಗ ಆ 'ಅ' ಡಕಾರದೊಳಗೆ ಕರಗಿಹೋಗಿದೆ. ಯಂತ್ರಕ್ಕೆ ಅಲ್ಲಿ 'ಅ' ಎಂಬ ಅಕ್ಷರವೇ ಇಲ್ಲ.

ಡೇಟಾಬೇಸ್‌ನಲ್ಲಿ ಕೆಲಸ ಮಾಡುವವರಿಗೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. ಮಂಡಿಪೇಟೆಯ ಯಾವ ಅಂಗಡಿಯಲ್ಲಿ ದೋಸೆಗೆ ಬೇಕಾದ ಎಲ್ಲ ಸಾಮಾನೂ ಸಿಗುತ್ತದೆ? ಇದಕ್ಕೆ 'ಭಾಗಾಕಾರ' ಎಂದೇ ಹೆಸರು. ಡೇಟಾಬೇಸ್‌ಗಳ ಈ ಗಣಿತ ಕಟ್ಟಿದವರು ಎಡ್ಗರ್ ಕಾಡ್. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ 'ಎಲ್ಲಾ ಇದೆ' ಎಂದು ನೇರವಾಗಿ ಕೇಳುವ ಪದವಿಲ್ಲ. ಹಾಗಾಗಿ 'ನಾಟ್ ಎಕ್ಸಿಸ್ಟ್ಸ್' ಎಂಬುದನ್ನು ಎರಡು ಸಲ ಬರೆಯುತ್ತಾರೆ. ಕಲಿಯುವವರು ಇಲ್ಲಿ ಹೆದರುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿ, ಹೆದರಿಕೆ ಹೋಗುತ್ತದೆ: 'ದೋಸೆಯ ಸಾಮಾನಿನಲ್ಲಿ ತನ್ನಲ್ಲಿ ಇಲ್ಲದ್ದು ಯಾವುದೂ ಇಲ್ಲದ ಅಂಗಡಿ'. ಎರಡು 'ಇಲ್ಲ'. ಭಾವನ ಚೀಟಿಯ ಹುಡುಕಾಟವೇ ಇದು.

ಎರಡನೇ ಸಂಜೆ ಕೊನೆಗೆ ಪ್ರೋಗ್ರಾಂ ಬದಲಾಯಿತು. 'ಆಗುತ್ತೆ', 'ಆಗಲ್ಲ' ಎಂಬ ಉತ್ತರ ತೆಗೆದು ಹಾಕಿದೆವು. ಒಂದೊಂದು ತಿಂಡಿಯ ಮುಂದೆಯೂ ಕಡಿಮೆ ಬಿದ್ದ ಸಾಮಾನಿನ ಹೆಸರು ಬರುತ್ತದೆ. ಏನೂ ಬರದಿದ್ದರೆ ಆ ತಿಂಡಿ ಆಗುತ್ತದೆ. ಕೊರತೆ ಒಂದೇ ಇರುವ ತಿಂಡಿ ಮೇಲೆ, ಐದಾರು ಇರುವುದು ಕೆಳಗೆ. ಹುಡುಗ ಪ್ರತಿ ತಿಂಡಿಗೂ ಕೊರತೆಯ ಎಣಿಕೆ ಇಟ್ಟುಕೊಂಡ. ಒಂದು ಸಾಮಾನು ಬಂದ ಕೂಡಲೇ ಅದು ಬೇಕಾದ ತಿಂಡಿಗಳಲ್ಲಿ ಮಾತ್ರ ಒಂದು ಕಳೆಯುತ್ತಾನೆ. ಎಲ್ಲವನ್ನೂ ಮೊದಲಿಂದ ನೋಡಬೇಕಾಗಿಲ್ಲ.

ಭಾವ ಕೈ ಒರೆಸಿಕೊಂಡು ಬಂದು ಪರದೆ ನೋಡಿದರು. ಪೊಂಗಲ್ ಮುಂದೆ ಏನೂ ಇರಲಿಲ್ಲ. ಬೆಣ್ಣೆ ದೋಸೆ ಮುಂದೆ 'ಮಂಡಕ್ಕಿ' ಅಂತಿತ್ತು. "ಅಂಗಡಿ ಮುಚ್ಚೋದ್ರಾಗೆ ಹೋಗಿ ತಗೊಂಬಾ" ಅಂತ ಮಗನ ಕೈಗೆ ಚೀಲ ಕೊಟ್ಟು, ಅಕ್ಕಿ ಅಳೆಯಲು ಒಳಗೆ ಹೋದರು.